ಹಿಂಡಿದ ರಸ, ಕುದಿಸಿದ ಕಷಾಯ

‘ಮಲೇರಿಯಾಕ್ಕೆ ಒಳ್ಳೆಯ ಮಾತ್ರೆಗಳಿರುವಾಗ ನಾಟಿ ಔಷಧಿಗಳನ್ನು ಪರೀಕ್ಷಿಸುತ್ತ ಕೂರುವುದು ಹಣದ ದಂಡವಲ್ಲವೇ? ನಮ್ಮಜ್ಜಿಯೂ ಚಳಿಜ್ವರಕ್ಕೆ ಏನೋ ಕಹಿ ರಸ ಕುಡಿಸುತ್ತಿದ್ದರು. ಅದನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕೇ?’ ಎಂದು ಕೇಳಿದ್ದೀರಿ.

ನಿಮ್ಮ ಆತಂಕದಲ್ಲಿ ಹುರುಳಿದೆ. ಮಲೇರಿಯಾದಲ್ಲೇ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಂ ಒಂದೆರಡು ದಿನಗಳಲ್ಲೇ ಜೀವ ತೆಗೆಯಬಲ್ಲದು. ಜ್ವರ ಬಂದವರು ರಕ್ತಪರೀಕ್ಷೆ ಮಾಡಿಸಿಕೊಂಡು ವೈದ್ಯರು ಕೊಟ್ಟ ಮಾತ್ರೆಯನ್ನೇ ನುಂಗಬೇಕು.

ಆದರೆ ಆ ಮಾತ್ರೆ ಎಲ್ಲಿಂದ ಬಂತು? ಮಲೇರಿಯಾದ ಹಳೆಯ ಮದ್ದು ಕ್ವಿನೈನ್ ಸಿಂಕೋನಾ ಮರದ ತೊಗಟೆಯದು. ಇಂದಿನ ಮದ್ದಾದ ಆರ್ಟಿಮಿಸಿನಿನ್‌ನ ಕತೆಯನ್ನು ನಾನು ಎಷ್ಟು ಸಲ ಓದಿದರೂ ದಣಿಯುವುದಿಲ್ಲ. 1967ರಲ್ಲಿ ಚೀನಾ ಮಲೇರಿಯಾ ಮದ್ದಿಗಾಗಿ ‘523’ ಎಂಬ ಯೋಜನೆ ಆರಂಭಿಸಿತು. ಅದರಲ್ಲಿ ದುಡಿದ ವಿಜ್ಞಾನಿ ಟು ಯೂಯೂ ಅವರ ತಂಡಕ್ಕೆ, ಆರ್ಟಿಮಿಸಿನಿನ್ ಅಡಗಿರುವ ಚಿಂಗ್‌ಹಾವೊ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಮತ್ತೊಮ್ಮೆ ಕೈಕೊಡುತ್ತಿತ್ತು. ಆಕೆ ನಾಲ್ಕನೇ ಶತಮಾನದ ಗೆ ಹಾಂಗ್‌ನ ವೈದ್ಯಗ್ರಂಥವನ್ನು ಮತ್ತೆ ತೆರೆದರು. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನೆಲ್ಲ ಕುಡಿಯಬೇಕು ಎಂದಿತ್ತು. ಕುದಿಸುವ ಮಾತೇ ಇರಲಿಲ್ಲ! ಬಿಸಿಗೆ ಸತ್ವ ಕೆಡುತ್ತಿರಬಹುದೆಂದು ಹೊಳೆದದ್ದು ಅಲ್ಲಿಯೇ. ಕಡಿಮೆ ಶಾಖದಲ್ಲಿ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ರಕ್ತದಲ್ಲಿದ್ದ, ಮಲೇರಿಯಾ ತರುವ ಪರಾವಲಂಬಿಗಳನ್ನು ಪೂರ್ತಿಯಾಗಿ ಅಳಿಸಿತು. ಮರುವರ್ಷ ರೋಗಿಗಳಿಗೆ ಕೊಡುವ ಮುನ್ನ ಆಕೆ ತಾವೇ ಆ ಸಾರವನ್ನು ಸೇವಿಸಿ ನೋಡಿದರು. 2015ರಲ್ಲಿ ನೊಬೆಲ್ ಬಂತು.

ಮಾಲಿ ದೇಶದಲ್ಲಿ ಆರ್ಜಿಮೋನ್ ಮೆಕ್ಸಿಕಾನಾ ಎಂಬ ಹಳದಿ ಹೂವಿನ ಮುಳ್ಳುಗಿಡದ ಕಷಾಯವನ್ನು 301 ರೋಗಿಗಳ ಪ್ರಯೋಗದಲ್ಲಿ ಆಧುನಿಕ ಮಾತ್ರೆಯ ಎದುರಿಗೇ ನಿಲ್ಲಿಸಿದರು. 28 ದಿನಗಳಲ್ಲಿ ಎರಡನೆಯ ಔಷಧಿ ಬೇಡವಾದವರು ಕಷಾಯದ ಗುಂಪಿನಲ್ಲಿ ಶೇ 89, ಮಾತ್ರೆಯ ಗುಂಪಿನಲ್ಲಿ ಶೇ 95. ಮಾತ್ರೆಯೇ ಮುಂದಿದೆ, ನಿಜ. ಆದರೆ ಹಿತ್ತಲಲ್ಲಿ ಬೆಳೆಯುವ ಗಿಡಕ್ಕೆ ಇದು ಸಾಧಾರಣ ಅಂಕವೇ? ಇದೇ ಗಿಡದ ಬೀಜದೆಣ್ಣೆ ವಿಷ. ಯಾವ ಭಾಗ, ಎಷ್ಟು, ಹೇಗೆ ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು.

ಹಣದ ದಂಡ ಎಂದಿರಿ. ಪೇಟೆಂಟ್ ಸಿಗದ ಗಿಡಕ್ಕೆ ಹಣ ಹಾಕುವವರೇ ಇಲ್ಲವಲ್ಲ, ನನ್ನ ಸಂಕಟ ಅದು! ಆಗ್ನೇಯ ಏಷ್ಯಾದಲ್ಲಿ ಪರಾವಲಂಬಿ ಆರ್ಟಿಮಿಸಿನಿನ್‌ಗೂ ಪಳಗುತ್ತಿದೆ. ಮುಂದಿನ ಮದ್ದನ್ನು ಎಲ್ಲಿ ಹುಡುಕುವುದು? ಹಳೆಯ ವೈದ್ಯಗ್ರಂಥಗಳನ್ನು ವೇದಿಕೆಯಲ್ಲಿ ಹೊಗಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಒಂದು ಸಮಾರಂಭದಲ್ಲಿ ಅಂಥವರೊಬ್ಬರ ಪಕ್ಕದಲ್ಲಿ ಕುಳಿತು, ತಾವು ಹೊಗಳಿದ ಗ್ರಂಥದಲ್ಲಿ ಜ್ವರದ ಅಧ್ಯಾಯ ಎಲ್ಲಿದೆ ಎಂದು ಕೇಳಿದೆ. ಅವರು ಪುಟ ತಿರುಗಿಸಿದ್ದೇ ಬಂತು. ಗ್ರಂಥಗಳನ್ನು ಸಾಲುಸಾಲಾಗಿ ಓದಿ, ‘ನೆನೆಸು’ ಎಂದಿದೆಯೋ ‘ಕುದಿಸು’ ಎಂದಿದೆಯೋ ಎಂದು ನೋಡುವವರು ಬೇಕು.

ನಿಮ್ಮಜ್ಜಿ ಆ ಕಹಿ ರಸವನ್ನು ಹಿಂಡುತ್ತಿದ್ದರೋ ಕಾಯಿಸುತ್ತಿದ್ದರೋ? ಮನೆಯ ಹಿರಿಯರನ್ನು ವಿಚಾರಿಸಿ. ಗಿಡದ ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ ಇನ್ನೊಂದು ಪತ್ರ ಬರೆಯಿರಿ.