‘ಮುಗೀತಾ ಬಂತು ಸರ್’ ಅನ್ನುವ ಮಾತು

ಧಾರವಾಡದಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ಪಿಎಚ್‌ಡಿ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಕೇಳುವ ಮಾತು ಇದು. ಗೈಡ್ ಕೇಳಿದಾಗೆಲ್ಲ ‘ಮುಗೀತಾ ಬಂತು ಸರ್’ ಅಂದುಬಿಡುತ್ತಾರೆ. ಆಮೇಲೆ ಸಂಶೋಧನೆ ಎಲ್ಲಿಗೆ ಬಂತು ಅಂತ ನೋಡುವ ಸಮಿತಿ ಮುಂದೆ ಪ್ರೆಸೆಂಟೇಶನ್ ಹತ್ತಿರ ಬಂದಂತೆ ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ. ಅಂಥ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಗದಗ ಕಡೆಯ ಹುಡುಗ, ನಾಲ್ಕನೇ ವರ್ಷ. ಕಂಪ್ಯೂಟರ್ ಸೈನ್ಸ್‌ನಲ್ಲಿ ಫಾರ್ಮಲ್ ಮೆಥಡ್ಸ್ ಎಂಬ ವಿಷಯ. ಪ್ರೋಗ್ರಾಮನ್ನು ಹತ್ತು ಸಲ ಓಡಿಸಿ ನೋಡಿದರೆ ಸಾಲದು, ಅದು ಎಂದೂ ತಪ್ಪುವುದಿಲ್ಲ ಅಂತ ಗಣಿತದಲ್ಲೇ ಸಾಧಿಸಿ ತೋರಿಸಬೇಕು. ಇವರು ತೆಗೆದುಕೊಂಡಿದ್ದು ರೈಲ್ವೆ ಸಿಗ್ನಲ್. ಹಳಿಯ ಒಂದು ತುಂಡಿನ ಮೇಲೆ ಒಮ್ಮೆಗೆ ಎರಡು ಗಾಡಿ ಬರಲೇಬಾರದು, ಅಷ್ಟೇ. ಪ್ಯಾರಿಸ್ ಮೆಟ್ರೊದ 14ನೇ ಲೈನ್ 1998ರಲ್ಲಿ ಶುರುವಾದಾಗಿನಿಂದ ಡ್ರೈವರ್ ಇಲ್ಲದೇ ಓಡುತ್ತಿದೆ, ಅದರ ಸುರಕ್ಷತೆಯ ಸಾಫ್ಟ್‌ವೇರ್ ಹೀಗೇ ತಯಾರಾದದ್ದು ಅಂತ ಹೇಳುವಾಗ ಮಾತ್ರ ಅವರ ಮುಖ ಅರಳುತ್ತಿತ್ತು.

ಮೊದಲೆರಡು ಭೇಟಿಯಲ್ಲಿ ನಿದ್ದೆ, ಊಟ, ಮನೆ ಇವುಗಳ ಮಾತೇ ಆಯಿತು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು. ಮೂರನೇ ಸಲ ಬಂದಾಗ ಸುಮ್ನೆ ಕುತೂಹಲಕ್ಕೆ ಕೇಳಿದೆ: ‘ಪ್ರೂಫ್ ನಡುವೆ ಸಿಕ್ಕಿಹಾಕಿಕೊಂಡರೆ ಏನು ಮಾಡ್ತೀರಿ?’

‘ಸಾರಿ ಅಂತ ಬರಿತೀನ್ರಿ.’

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಪ್ರೂಫ್ ಸರಿ ಇದೆಯಾ ಅಂತ ನೋಡುವ ಲೀನ್ ಎಂಬ ಸಾಫ್ಟ್‌ವೇರ್ ಇದೆ. ಅದರಲ್ಲಿ ಒಂದು ಲೆಮ್ಮಾ, ಅಂದರೆ ದೊಡ್ಡ ಪ್ರೂಫಿನ ನಡುವಿನ ಒಂದು ಮೆಟ್ಟಿಲು, ಸಾಧಿಸಲು ಆಗದಿದ್ದರೆ ಆ ಜಾಗದಲ್ಲಿ ‘ಸಾರಿ’ (sorry) ಅಂತ ಬರೆದು, ಅದನ್ನು ನಂಬಿಕೊಂಡು ಮುಂದಿನ ಕೆಲಸ ಮಾಡಬಹುದು. ಆದರೆ ಅಲ್ಲೊಂದು ಎಚ್ಚರಿಕೆ ಬಂದು ಕೂಡುತ್ತದೆ, ಫೈಲ್ ತೆರೆದವರಿಗೆಲ್ಲ ಕಾಣುತ್ತದೆ. ಅವರ ಫೈಲಿನಲ್ಲಿ ಅಂಥ ಒಂದೇ ಒಂದು ಸಾಲು ಏಳು ತಿಂಗಳಿಂದ ಹಾಗೇ ಇತ್ತು.

‘ಫೈಲಿಗೆ ಹೇಳೀರಿ. ಗೈಡಿಗೆ ಯಾಕ ಹೇಳಿಲ್ಲ?’ ಅಂದೆ.

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಫೈಲ್ ನನ್ನ ಬೈಯೂದಿಲ್ರಿ ಮೇಡಂ’ ಅಂದರು. ಕಣ್ಣಲ್ಲಿ ನೀರು ಬಂತು.

ನಾನು ಕೊಟ್ಟ ಸಲಹೆ ಇದು. ಪ್ರೆಸೆಂಟೇಶನ್‌ಗೆ ಮೊದಲೇ ಗೈಡ್ ಹತ್ತಿರ ಹೋಗಿ. ಒಂದು ಹಾಳೆಯಲ್ಲಿ ಯಾವುದು ಸಾಧಿಸಿ ಆಗಿದೆ, ಯಾವುದು ಆಗಿಲ್ಲ, ಅದಕ್ಕೆ ಏನೇನು ಪ್ರಯತ್ನ ಮಾಡಿದ್ದೀರಿ ಅಂತ ಬರೆದುಕೊಂಡು ಹೋಗಿ. ಸಮಿತಿ ಮುಂದೆಯೂ ಅದನ್ನು ಕೊನೆಯ ಸ್ಲೈಡಿಗೆ ತಳ್ಳಬೇಡಿ, ಎರಡನೆಯದರಲ್ಲೇ ಹೇಳಿ.

ಆಪ್ತಸಲಹೆಗಾರರು ಹೀಗೆ ‘ಮಾಡಿ’ ಅಂತ ಹೇಳಬಾರದು, ಎಲ್ಲ ಗೈಡ್‌ಗಳೂ ಒಳ್ಳೆಯವರಲ್ಲ ಅಂತ ನನ್ನ ಜೊತೆ ಕೆಲಸ ಮಾಡುವವರು ಆಕ್ಷೇಪ ಎತ್ತಿದರು. ಆ ಮಾತಿನಲ್ಲಿ ಹುರುಳಿದೆ, ಅದಕ್ಕೇ ಗೈಡ್ ಎಂಥವರು ಅಂತ ಒಂದು ತಾಸು ವಿಚಾರಿಸಿದ ಮೇಲೆಯೇ ಹೇಳಿದ್ದೆ. ಆದರೂ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ನನಗೆ ಮನಸ್ಸು ಒಪ್ಪಲಿಲ್ಲ, ಯಾಕೆಂದರೆ ಅವರನ್ನು ತಿನ್ನುತ್ತಿದ್ದದ್ದು ವೇದಿಕೆಯ ಭಯ ಅಲ್ಲ, ಬಚ್ಚಿಟ್ಟ ಆ ಒಂದು ಸಾಲು. ಯುಜಿಸಿಯ 2022ರ ನಿಯಮದಲ್ಲಿ ಪ್ರತಿ ಸೆಮಿಸ್ಟರ್ ಸಮಿತಿ ಮುಂದೆ ಬರಬೇಕು ಅಂತ ಇರುವುದು ಕೆಲಸ ಎಲ್ಲಿಗೆ ಬಂತು ಅಂತ ನೋಡಿ ದಾರಿ ತೋರಿಸುವುದಕ್ಕೆ. ಮುಗಿದ ಕೆಲಸವನ್ನೇ ತೋರಿಸಬೇಕು ಅಂತ ಎಲ್ಲೂ ಇಲ್ಲ. ಗಣಿತಜ್ಞ ಆಂಡ್ರ್ಯೂ ವೈಲ್ಸ್ 1993ರಲ್ಲಿ ಫರ್ಮಾನ ಕೊನೆಯ ಪ್ರಮೇಯ ಸಾಧಿಸಿದ್ದೇನೆ ಅಂತ ಹೇಳಿದ ಮೇಲೆ ಅದರಲ್ಲಿ ದೋಷ ಸಿಕ್ಕಿತು. ರಿಚರ್ಡ್ ಟೇಲರ್ ಜೊತೆ ಸೇರಿ 1994ರಲ್ಲಿ ಸರಿಪಡಿಸಿದರು. ಅಂಥವರಿಗೂ ಇನ್ನೊಬ್ಬರು ಬೇಕಾದರು ಅಲ್ವಾ?

ಗೈಡ್ ಮೊದಲ ದಿನ ಸಿಟ್ಟಾದರಂತೆ. ಎರಡು ದಿನ ಬಿಟ್ಟು ಕರೆದು ಕೂಡಿಸಿಕೊಂಡರು. ಆಗ ಗೊತ್ತಾಯಿತು, ಆ ಲೆಮ್ಮಾ ಇವರ ಕೈಗೆ ಸಿಗದೇ ಹೋದದ್ದಲ್ಲ, ಲೆಮ್ಮಾನೇ ತಪ್ಪಿತ್ತು. ಉದ್ದನೆಯ ಗಾಡಿಯೊಂದು ಎರಡು ತುಂಡುಗಳ ಮೇಲೆ ಒಟ್ಟಿಗೇ ನಿಂತಿರುವ ಸಂದರ್ಭವನ್ನು ಇವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಏಳು ತಿಂಗಳು ಒಬ್ಬರೇ ಕೂತು ಸುಳ್ಳಾದ ಮಾತನ್ನು ಸಾಧಿಸಲು ಹೆಣಗಿದ್ದರು.

ಪ್ರೆಸೆಂಟೇಶನ್ ದಿನ ಕೈ ನಡುಗಿತಂತೆ. ಸಮಿತಿಯವರೊಬ್ಬರು, ‘ಇದು ಪೂರ್ತಿ ಆಗ್ಯಾದೇನು?’ ಅಂತ ಕೇಳಿದ್ದಕ್ಕೆ, ‘ಇಲ್ರಿ ಸರ್, ಇಲ್ಲಿ ನಿಂತದ’ ಅಂತ ಸ್ಲೈಡ್ ತೋರಿಸಿದರಂತೆ. ಆ ಸಂಜೆ ನನಗೆ ಫೋನ್ ಮಾಡಿದಾಗ ಮೊದಲು ಹೇಳಿದ್ದು, ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ ಅಂತ.