ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ನಿಂದ ಮಕ್ಕಳಿಗೆ ನಿಜವಾಗಿ ಉಪಯೋಗ ಇದೆಯಾ?

ಖಂಡಿತ ಇದೆ. ಆದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಬೇಕು. ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗಳು ವಿಜ್ಞಾನದ ಪಾಠದ ಕೋಡ್ ಸ್ಕ್ಯಾನ್ ಮಾಡಿದಳು. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಎಲೆಯ ಮೇಲಿನ ಸಣ್ಣ ಸಣ್ಣ ತೂತುಗಳ (ಪತ್ರರಂಧ್ರ) ವಿಡಿಯೊ ಬಂತು. ಮೂರು ಸಲ ಹಿಂದಕ್ಕೆ ಎಳೆದು ನೋಡಿದಳು. "ಅಮ್ಮಾ, ಈ ತೂತು ರಾತ್ರಿ ಮುಚ್ಚುತ್ತಾ?" ಅಂತ ಕೇಳಿದಳು. ವಿಡಿಯೊದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮರುದಿನ ಟೀಚರ್ ಹೇಳಿದರು: ಹೌದು, ಹೆಚ್ಚಿನ ಗಿಡಗಳಲ್ಲಿ ಮುಚ್ಚುತ್ತದೆ.

ಈ ಕೋಡ್‌ಗೂ ಕನ್ನಡಕ್ಕೂ ನಂಟಿದೆ, ಗೊತ್ತಾ? ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ರಣಜಿತ್‌ಸಿಂಹ ಡಿಸಲೆ ಮೇಷ್ಟ್ರು ಮಕ್ಕಳ ಮನೆಮಾತು ಕನ್ನಡ ಅಂತ ತಾವೇ ಕನ್ನಡ ಕಲಿತರು. 1ರಿಂದ 4ನೇ ತರಗತಿಯ ಪುಸ್ತಕಗಳಿಗೆ ಕೋಡ್ ಹಾಕಿದರು. ಶಿಕ್ಷಕರಿಗೆ ಕೊಡುವ ಅಂತರರಾಷ್ಟ್ರೀಯ ಪ್ರಶಸ್ತಿ, 2020ರ ಗ್ಲೋಬಲ್ ಟೀಚರ್ ಪ್ರೈಜ್, ಅವರಿಗೇ ಬಂತು.

ಮನೆಯಲ್ಲಿ ಒಂದೇ ಫೋನ್ ಇದ್ದರೆ ವಿಡಿಯೊ ಮೊದಲೇ ಡೌನ್‌ಲೋಡ್ ಮಾಡಿಡಿ. ನೆಟ್ ಇಲ್ಲದೆಯೂ ಓಡುತ್ತದೆ.