ಗೂಗಲ್ ಒಂದೇ ಸಾಕಾಗಲ್ಲ

ಪ್ರಶ್ನೆ: ವಚನ ಸಾಹಿತ್ಯದ ಮೇಲೆ ಪ್ರಾಜೆಕ್ಟ್ ಕೊಟ್ರೆ ನಮ್ ಪಿಯು ಮಕ್ಳು ಗೂಗಲಲ್ಲಿ ಮೊದ್ಲು ಬಂದ ಪೇಜನ್ನೇ ಕಾಪಿ ಮಾಡ್ತಾರೆ. ಹುಡುಕೋದು ಹೇಗೆ ಕಲಿಸ್ಲಿ?
— ಕನ್ನಡ ಮೇಷ್ಟ್ರು, ಹಾಸನ

ಉತ್ತರ: ಮೇಷ್ಟ್ರೇ, ಮೊದ್ಲು ವಿಷಯ ಚಿಕ್ಕದು ಮಾಡ್ಸಿ, ‘ಅಕ್ಕಮಹಾದೇವಿ ವಚನಗಳಲ್ಲಿ ಪ್ರಕೃತಿ’ ಅನ್ನೋ ಥರ. ಆಮೇಲೆ ಲೈಬ್ರರಿಗೆ ಕರ್ಕೊಂಡೋಗಿ, ಡ್ಯೂಯಿ ಪದ್ಧತಿ (ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸೋದು) ಇರೋ ಕಡೆ 894.814 ಕನ್ನಡ ಸಾಹಿತ್ಯದ ನಂಬರು, ಒಂದು ಪುಸ್ತಕ ಸಿಕ್ರೆ ಅಕ್ಕಪಕ್ಕದ್ದೂ ತೆಗೆದು ನೋಡ್ಲಿ, ಕೊನೇಲಿರೋ ಗ್ರಂಥಋಣ ಪಟ್ಟೀನಂತೂ ಬರ್ಕೊಳ್ಲೇಬೇಕು, ಮುಂದಿನ ಪುಸ್ತಕಗಳು ಸಿಗೋದು ಅಲ್ಲೇ. ಆನ್‌ಲೈನಲ್ಲಿ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ, ಹಳೇ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್. ಆರ್ಕೈವಲ್ಲಿ ಎಷ್ಟೋ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹೆಂಗೆಂಗೋ ಇರತ್ತೆ, ಅದಕ್ಕೆ ಸ್ಪೆಲಿಂಗ್ ಮೂರ್ನಾಲ್ಕು ಥರ ಹಾಕಿ ನೋಡಕ್ಕೆ ಹೇಳಿ. ವಚನದ ಸಾಲು ಹುಡುಕ್ವಾಗ ಅದರ ಎರಡೂ ಕಡೆ ಡಬಲ್ ಕೋಟ್ಸ್ (" ") ಹಾಕೋದು ಮರೀಬೇಡಿ, ಆಗ ಅದೇ ಸಾಲು ಹಂಗೇ ಇರೋ ಪೇಜುಗಳನ್ನ ಹುಡುಕತ್ತೆ.